ಗುಡ್ಡೆ ಜಾರುವ ಭಾವ

ನನ್ನ ಭಾವನಿಗೆ ಅರವತ್ತೆರಡು ವರ್ಷ ಎಂದು ಅವರ ಆಧಾರ್ ಕಾರ್ಡು ಹೇಳುತ್ತದೆ. ಸರ್ಕಾರಿ ದಾಖಲೆಯಲ್ಲಿ ಇಷ್ಟು ದೊಡ್ಡ ಸುಳ್ಳನ್ನು ನಾನು ಬೇರೆಲ್ಲೂ ಓದಿಲ್ಲ!

ಭಾವ ಅಂದರೆ ನನ್ನ ಗಂಡನ ಅಣ್ಣ. ಈ ಲೋಕದಲ್ಲಿ ನನಗೆ ನಿಜವಾಗಿ ಸಿಟ್ಟು ಬರಿಸಿದ ಒಬ್ಬನೇ ಒಬ್ಬ ಮನುಷ್ಯ. ಹಾಗೆ ನೋಡಿದರೆ ನಾನು ಸಿಟ್ಟಿನ ಹೆಂಗಸಲ್ಲ. ಬೇಕಾದರೆ ಯಾರನ್ನಾದರೂ ಕೇಳಿ. ನನ್ನ ಶಾಲೆಯ ಮಕ್ಕಳನ್ನು ಮಾತ್ರ ಕೇಳಬೇಡಿ, ಅವರಿಗೆ ಇನ್ನೂ ತಿಳಿವಳಿಕೆ ಕಡಿಮೆ.

ಮೊದಲು ನನ್ನ ಕಷ್ಟ ಕೇಳಿ. ನನ್ನ ತವರು ಕುಂಭಾಶಿ. ಅಲ್ಲಿಯೂ ಆನೆಗುಡ್ಡೆ ಅಂತ ಒಂದು ಗುಡ್ಡೆಯಿದೆ, ಆದರೆ ದೇವಸ್ಥಾನದ ಬಾಗಿಲವರೆಗೂ ರಿಕ್ಷಾ ಹೋಗುತ್ತದೆ. ಗುಡ್ಡೆ ಅಂದರೆ ಹಾಗಿರಬೇಕು! ಅಂಥ ಸಭ್ಯ ಊರಿನಿಂದ ನನ್ನನ್ನು ತಂದು ಕೆರಾಡಿಗೆ ಕೊಟ್ಟರು. ಇಲ್ಲಿ ಹಿತ್ತಿಲ ಬಾಗಿಲು ತೆಗೆದರೆ ಗದ್ದೆ, ಗದ್ದೆ ದಾಟಿದರೆ ಗುಡ್ಡೆ, ಗುಡ್ಡೆಯ ಹಿಂದೆ ಕಾಡು, ಕಾಡಿನ ಹಿಂದೆ ಘಟ್ಟ. ಇರಲಿ, ನೋಡಿಕೊಂಡು ಸುಮ್ಮನಿರಬಹುದಿತ್ತು. ಹದಿನಾರು ವರ್ಷ ಹಾಗೇ ಇದ್ದೆ. ಗುಡ್ಡೆ ಅದರ ಪಾಡಿಗೆ, ನಾನು ನನ್ನ ಪಾಡಿಗೆ.

ನಾಲ್ಕು ವರ್ಷದ ಹಿಂದೆ ಭಾವ ಮುಂಬೈಯಿಂದ ಬಂದರು. ಅಲ್ಲಿ ಅವರದ್ದು ಹೋಟೆಲಿನ ಅಡುಗೆಮನೆಯ ಕೆಲಸ, ಚಿಕ್ಕಂದಿನಿಂದಲೂ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಟೈಮ್ ಸಿಕ್ಲಿಲ್ಲೆ ಮಾರಾಯ್ತಿ" ಎನ್ನುತ್ತಾರೆ, ಬಸ್ಸು ತಪ್ಪಿದ ಹಾಗೆ. ನಮ್ಮ ಅಂಗಳದ ಆಚೆ ಬದಿಯಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡರು. ಪಾಪ, ಇಷ್ಟು ವರ್ಷ ದುಡಿದು ಬಂದಿದ್ದಾರೆ, ಇನ್ನು ಆರಾಮಾಗಿ ಕೂರಲಿ ಅಂದುಕೊಂಡೆ. ಎಂಥ ಭ್ರಮೆ!

ಆ ವರ್ಷ ಕೊಯ್ಲು ಮುಗಿದು, ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಇಬ್ಬನಿ ಕೂರುವ ಚಳಿ ಶುರುವಾಯಿತು. ಒಂದು ಭಾನುವಾರ, ಬೆಳಗಿನ ಜಾವ ಐದು ಗಂಟೆಗೆ ಬಾಗಿಲು ದಡಬಡ.

"ಹ್ವಾಯ್! ಏಳ್ಲಿಲ್ಯಾ ಇನ್ನೂ? ಹುಲ್ಲ್ ಒಣ್ಗಿತ್ತ್, ಗುಡ್ಡಿಗ್ ಹೋಪ!"

ಹುಲ್ಲು ಒಣಗಿದರೆ ದನ ಸಂತೋಷಪಡಬೇಕು, ಮನುಷ್ಯರಿಗೇನು? ಭಾವನ ಕಂಕುಳಲ್ಲಿ ಎರಡು ಅಡಿಕೆ ಹಾಳೆಗಳಿದ್ದವು. ಮರದಿಂದ ಗರಿ ಸಮೇತ ಕಳಚಿ ಬೀಳುತ್ತದಲ್ಲ, ಮಕ್ಕಳು ಅದರ ಮೇಲೆ ಒಬ್ಬರನ್ನು ಕೂರಿಸಿ ಅಂಗಳ ತುಂಬ ಎಳೆಯುತ್ತಾರಲ್ಲ, ಅದೇ ಹಾಳೆ. ಭಾವನ ಯೋಜನೆ ಏನೆಂದರೆ, ಆ ಹಾಳೆಯನ್ನು ಹೊತ್ತುಕೊಂಡು ಬೋಳುಗುಡ್ಡೆಯ ನೆತ್ತಿಗೆ ಹತ್ತುವುದು, ಅದರ ಮೇಲೆ ಕೂತು ಒಣಹುಲ್ಲಿನ ಮೇಲೆ ಸರ್ರನೆ ಕೆಳಗೆ ಜಾರುವುದು. ಮತ್ತೆ ಹತ್ತುವುದು. ಮತ್ತೆ ಜಾರುವುದು. ಹೊಟ್ಟೆ ಹಸಿಯುವವರೆಗೆ!

ಹೊಟ್ಟೆ ಹಸಿದಾಗ? ಅಲ್ಲೇ ನೋಡಿ ನಾನು ಬರುವುದು. ಚಾದ ಫ್ಲಾಸ್ಕು ನನ್ನ ಕೈಯಲ್ಲಿ, ಒಗ್ಗರಣೆ ಹಾಕಿದ ಅವಲಕ್ಕಿಯ ಡಬ್ಬಿ ನನ್ನ ಹೆಗಲಲ್ಲಿ, ನೀರಿನ ಬಾಟ್ಲಿ ನನ್ನ ಚೀಲದಲ್ಲಿ. ವಾರಕ್ಕೆ ಆರು ದಿನ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ನನಗೆ ಇರುವುದು ಒಂದು ಭಾನುವಾರ. ಅದನ್ನು ಈ ಮನುಷ್ಯ ಹಾಳೆಯಲ್ಲಿ ಕಟ್ಟಿ ಗುಡ್ಡೆಗೆ ಹೊತ್ತುಕೊಂಡು ಹೋದರೆ ಸಿಟ್ಟು ಬರದೆ ಇರುತ್ತದೆಯೇ?

"ಎಷ್ಟ್ ದೂರ ಇತ್ತ್ ಭಾವ?" ಅಂತ ಕೇಳಿದರೆ ಒಂದೇ ಉತ್ತರ: "ಇಲ್ಲೇ, ಹತ್ರ."

ಈ 'ಹತ್ರ'ಕ್ಕೆ ಭಾವನ ನಿಘಂಟಿನಲ್ಲಿ ಬೇರೆಯೇ ಅರ್ಥ. ಒಮ್ಮೆ ದೊಡ್ಡ ದೊಡ್ಡ ಬೂಟು ಹಾಕಿ, ಎರಡೂ ಕೈಯಲ್ಲಿ ಮಡಚುವ ಕೋಲು ಹಿಡಿದ ಪೇಟೆಯ ಚಾರಣಿಗರು ನಾಲ್ಕು ಜನ ಸಿಕ್ಕಿದರು. ಆಚೆ ಗುಡ್ಡೆಯ ತುದಿಗೆ ಎಷ್ಟು ಹೊತ್ತು ಬೇಕು ಎಂದು ವಿಚಾರಿಸಿದರು. ಹವಾಯಿ ಚಪ್ಪಲಿಯ ಭಾವ, "ಇಲ್ಲೇ, ಹತ್ರ. ಈಗ ಹೋಯಿ ಈಗ ಬಪ್ಕಾತ್ತ್" ಅಂದುಬಿಟ್ಟರು. ಆ ನಾಲ್ವರು ಸಂಜೆ ನಮ್ಮ ಅಂಗಳಕ್ಕೆ ಬಂದು ಬಿದ್ದುಕೊಂಡರು. ಅವರಿಗೂ ಚಾ ಮಾಡಿದ್ದು ಯಾರು? ಇನ್ನೂ ಕೇಳುತ್ತೀರಲ್ಲ!

ಚಳಿಗಾಲದ ಗುಡ್ಡೆಯ ಇನ್ನೊಂದು ಉಡುಗೊರೆ ಉಣ್ಣಿ. ಒಣಹುಲ್ಲಿನ ತುದಿಯಲ್ಲಿ ನನಗಾಗಿಯೇ ಕಾದು ಕೂತಿರುತ್ತವೆ. ಭಾವನಿಗೆ ಒಂದೂ ಹತ್ತುವುದಿಲ್ಲ. ಜಾರುವ ವೇಗಕ್ಕೆ ಹಿಡಿದುಕೊಳ್ಳಲು ಅವಕ್ಕೆ ಪುರುಸೊತ್ತು ಸಿಗುವುದಿಲ್ಲವೋ ಏನೋ. ಸೋಮವಾರ ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತ ಬೋರ್ಡಿಗೆ ಬೆನ್ನು ಉಜ್ಜುತ್ತಿದ್ದಾಗ ಮುಖ್ಯೋಪಾಧ್ಯಾಯರು ಒಳಗೆ ಬಂದರು. "ಎಂತ ಟೀಚರ್, ಬೆನ್ನಾಗೇ ಬೋರ್ಡ್ ಒರ್ಸುಕೆ ಶುರು ಮಾಡಿದ್ರ್ಯಾ?" ಎಂದರು. ಇಡೀ ತರಗತಿ ನಕ್ಕಿತು. ಶೇಷ ಎಷ್ಟು ಉಳಿಯಿತು ಅಂತ ಕೇಳಬೇಡಿ, ನನ್ನ ಮರ್ಯಾದೆಯಲ್ಲಿ ಏನೂ ಉಳಿಯಲಿಲ್ಲ.

ಮಾನ ಹೋದ ಕತೆ ಇನ್ನೂ ಇದೆ. ಗುಡ್ಡೆಗೆ ತರಗೆಲೆ ಗುಡಿಸಲು ಬರುವವರಲ್ಲಿ ಗಿರಿಜಕ್ಕ ಅಂತೊಬ್ಬರು. ಅವರಿಗೆ ಒಂದು ವಿಷಯ ಗೊತ್ತಾದರೆ ಬಸ್ರೂರಿನವರೆಗೂ ಮೈಕು ಕಟ್ಟುವುದು ಬೇಡ. ಒಂದು ದಿನ ಭಾವ ಮೇಲಿನಿಂದ ಭರ್ರನೆ ಹೊರಟರು. ಅರ್ಧದಾರಿಯಲ್ಲಿ ಹಾಳೆ ಒಂದು ಕಲ್ಲಿಗೆ ಸಿಕ್ಕಿ ಅಲ್ಲೇ ನಿಂತಿತು, ಭಾವ ನಿಲ್ಲಲಿಲ್ಲ! ಹಾಳೆಯಿಲ್ಲದೆಯೇ ಉಳಿದ ಪ್ರಯಾಣ ಮುಗಿಸಿ, ಗಿರಿಜಕ್ಕ ರಾಶಿ ಮಾಡಿಟ್ಟ ತರಗೆಲೆಯೊಳಗೆ ಸೊಂಟದವರೆಗೆ ಹೂತು ಕೂತರು. ಪ್ಯಾಂಟಿನ ಹಿಂಭಾಗ ದಾರಿಯುದ್ದಕ್ಕೂ ಹಂಚಿಹೋಗಿತ್ತು.

ಗಿರಿಜಕ್ಕ ಹೌಹಾರಿ, "ಅಯ್ಯೋ ದೇವ್ರೇ, ಪೆಟ್ಟಾಯ್ತಾ ಅಯ್ಯಾ?" ಅಂತ ಓಡಿ ಬಂದರೆ, ಭಾವ ತಲೆಯಿಂದ ಎಲೆ ಕೊಡವುತ್ತ, "ಇಲ್ಲೆ ಇಲ್ಲೆ. ನಾಳೆ ರಾಶಿ ಒಂಚೂರ್ ಈ ಬದಿಗೆ ಹಾಕ್" ಅಂದರಂತೆ!

ಮರುದಿನ ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಎಲ್ಲರೂ ನನ್ನನ್ನೇ ಕೇಳುವವರು: "ಟೀಚರೇ, ನಿಮ್ ಭಾವ ಗುಡ್ಡಿಂದ ಜಾರ್ತ್ರಂಬ್ರಲೆ, ಹೌದಾ?" ನಾನೇನು ಹೇಳಲಿ? ಹೌದು, ಜಾರುತ್ತಾರೆ, ನಾನು ಕೆಳಗೆ ಅವಲಕ್ಕಿ ಹಿಡಿದು ನಿಂತಿರುತ್ತೇನೆ ಅನ್ನಲೇ?

ಟಿವಿಯಲ್ಲಿ ಒಮ್ಮೆ ಯಾವುದೋ ದೇಶದ ಜನ ಬಣ್ಣಬಣ್ಣದ ಕೋಟು ಹಾಕಿ ಹಿಮದ ಮೇಲೆ ಜಾರುವುದನ್ನು ತೋರಿಸುತ್ತಿದ್ದರು. ಭಾವ ಬಹಳ ಹೊತ್ತು ನೋಡಿ ನಿಟ್ಟುಸಿರುಬಿಟ್ಟರು. "ಪಾಪ, ಅವ್ರೂರಂಗ್ ಹುಲ್ಲಿಲ್ಲೆ ಕಾಣತ್ತ್."

ಇದೆಲ್ಲ ಸಹಿಸಿದೆ. ಮೂರು ಚಳಿಗಾಲ ಹಲ್ಲು ಕಚ್ಚಿ ಸಹಿಸಿದೆ. ಈ ಸಲದ ಜನವರಿಯಲ್ಲಿ ಆದದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ನನ್ನ ಗಂಡನಿಗೆ ಪಂಪ್‌ಸೆಟ್ ರಿಪೇರಿಯ ಕೆಲಸ. ಚಳಿಗಾಲದಲ್ಲಿ ಸುತ್ತಲಿನ ತೋಟ, ಗದ್ದೆಗಳಿಗೆಲ್ಲ ನೀರು ಬಿಡಲು ಶುರು ಮಾಡುವುದರಿಂದ ಅವರಿಗೆ ಉಸಿರಾಡಲು ಸಮಯವಿರುವುದಿಲ್ಲ. ಹೊಟ್ಟೆಯೂ ಒಂದಿಷ್ಟು ಮುಂದೆ ಬಂದಿದೆ. ಇಂಥವರನ್ನು ಭಾವ ಒಂದು ಭಾನುವಾರ ಪುಸಲಾಯಿಸಿ ಹಾಳೆಯ ಮೇಲೆ ಕೂರಿಸಿದರು. ನಾನು ಕೆಳಗಿನಿಂದ "ಬ್ಯಾಡ, ಬ್ಯಾಡ" ಅಂತ ಕಿರುಚುತ್ತಿದ್ದೇನೆ, ಮೇಲಿನಿಂದ ಇವರು ಎರಡು ಕೈ ಬೀಸಿ ಟಾಟಾ ಮಾಡುತ್ತಿದ್ದಾರೆ! ಹೊರಟರು. ಅರ್ಧದಲ್ಲಿ ಹೆದರಿ ಕಾಲು ಕೆಳಗಿಟ್ಟರು. ಎರಡು ಸಲ ಉರುಳಿ, ಬಲಗೈ ಅಡಿಯಲ್ಲಿ ಹಾಕಿಕೊಂಡು ಬಿದ್ದರು. ಮಣಿಕಟ್ಟಿನ ಮೂಳೆ ಬಿರುಕು. ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದ್ದಾಯಿತು. ಆರು ವಾರ ಕೈ ಅಲ್ಲಾಡಿಸುವಂತಿಲ್ಲ.

ಕಾರಿನಲ್ಲಿ ಬರುವಾಗ ಈ ಗಂಡ ಎನ್ನುವ ಪ್ರಾಣಿ ಹೇಳಿದ್ದೇನು ಗೊತ್ತೇ? "ಅಣ್ಣಂದೆಂತ ತಪ್ಪಿಲ್ಲೆ, ನಾನೇ ಕಾಲ್ ಇಟ್ಟೆ. ಆದ್ರೆ ಎಂತಾ ಸ್ಪೀಡ್ ಮಾರಾಯ್ತಿ!"

ಮುಖದಲ್ಲಿ ನಗು ಬೇರೆ!

ಮನೆ ತಲುಪಿದವಳೇ ಅವರನ್ನು ಜಗಲಿಯಲ್ಲಿ ಕೂರಿಸಿ, ಅಂಗಳ ದಾಟಿ ಭಾವನ ಮನೆಗೆ ನಡೆದೆ. ಚಪ್ಪಲಿ ಕಾಲಲ್ಲೇ ಇತ್ತು, ತೆಗೆಯಲಿಲ್ಲ. ಅವರು ಮೆಟ್ಟಿಲ ಮೇಲೆ ಕೂತು ಕತ್ತಿಯಲ್ಲಿ ಒಂದು ಹೊಸ ಹಾಳೆಯ ಅಂಚು ಹೆರೆಯುತ್ತಿದ್ದರು. ಹೊಸ ಹಾಳೆ! ನನಗೆ ಕಣ್ಣು ಕತ್ತಲೆ ಬಂತು.

"ಭಾವ, ಆ ಹಾಳೆ ಕೆಳ್ಗಿಡಿ!"

ಇಟ್ಟರು.

"ನಾನ್ ನಾಕ್ ವರ್ಷದಿಂದ ಬಾಯ್ ಮುಚ್ಕಂಡಿದ್ದೆ. ನಿಮ್ಗೆ ಮಾಡೂಕೆ ಕೆಲ್ಸ ಇಲ್ಲೆ, ಸರಿ. ನಮ್ಗಿತ್ತ್! ನಂಗೆ ವಾರಕ್ಕೊಂದ್ ರಜೆ. ಆ ದಿನ ನಾನ್ ಒಂದ್ ಗಳಿಗೆ ಹೆಚ್ಚಿಗೆ ಮಲ್ಕಂಡದ್ದ್ ಕಂಡಿದ್ರ್ಯಾ ನೀವ್? ಐದ್ ಗಂಟೆಗೆ ಅವಲಕ್ಕಿ ಯಾರ್ ಮಾಡುದಂತ ಒಂದ್ ದಿನ ಕೇಂಡಿದ್ರ್ಯಾ? ಈಗ ಇವ್ರ್ ಕೈ ಮುರ್ಕಂಡ್ ಕೂತ್ರ್. ಅಂಗಿ ಗುಂಡಿ ನಾನೇ ಹಾಕ್ಕ್, ಅನ್ನ ನಾನೇ ಕಲ್ಸ್ಕ್. ನಿಮ್ಗೆ ಆಟ! ಅರವತ್ತೆರಡಾಯ್ತ್ ಭಾವ ನಿಮ್ಗೆ, ಹನ್ನೆರಡಲ್ಲ!"

ಅಷ್ಟು ಹೇಳಿ ನಿಂತೆ. ಇನ್ನೂ ಹೇಳುವುದಿತ್ತು, ಉಸಿರು ಸಾಲಲಿಲ್ಲ. ಭಾವ ಎಂದಿನಂತೆ ಏನಾದರೂ ತಮಾಷೆ ಹೇಳುತ್ತಾರೆ, ಆಗ ಮತ್ತೆ ಶುರುಮಾಡೋಣ ಅಂತ ಕಾದೆ. ಅವರು ತಲೆ ತಗ್ಗಿಸಿಕೊಂಡು ಕತ್ತಿಯ ಹಿಡಿಯನ್ನು ಹೆಬ್ಬೆರಳಲ್ಲಿ ತಿಕ್ಕುತ್ತ ಕೂತಿದ್ದರು.

"ನೀ ಹೇಳುದ್ ಸರಿ," ಅಂದರು. "ಕೈ ಮುರ್ದದ್ದ್ ನನ್ ತಪ್ಪ್. ಅವಲಕ್ಕಿದೂ ನನ್ ತಪ್ಪ್. ನಂಗ್ ತೋಚಲೇ ಇಲ್ಲೆ." ಆಮೇಲೆ, "ಹನ್ನೆರಡ್ ಅಂದ್ಯಲೆ. ಹನ್ನೆರಡಕ್ಕೇ ನನ್ನ ಮುಂಬೈ ಬಸ್ ಹತ್ಸದ್ದ್" ಅಂದರು.

ಕತ್ತಿಯನ್ನು ಮೆಟ್ಟಿಲ ಮೇಲಿಟ್ಟು ಗುಡ್ಡೆಯ ಕಡೆ ಕೈ ತೋರಿಸಿದರು.

"ಇದೇ ಗುಡ್ಡಿ. ಇದೇ ಚಳಿ. ಆ ದಿನ ಹಾಳೆ ಹೊತ್ಕಂಡ್ ಮೇಲ್ ಹತ್ತಿ, ಕೂಕಂಡ್ ಆಗಿತ್ತ್. ಕಾಲ್ ಎತ್ತುದೊಂದ್ ಬಾಕಿ. ಕೆಳ್ಗಿಂದ ಅಪ್ಪಯ್ಯ ಕರ್ದ್ರ್, 'ಬಾ, ಬಸ್ಸಿಗ್ ಹೊತ್ತಾಯ್ತ್' ಅಂದ್ರ್. ಜಾರ್ಕಂಡ್ ಬಂದ್ರೆ ಚಡ್ಡಿ ಹರಿತ್, ಇದ್ದದ್ದ್ ಅದೊಂದೇ ಒಳ್ಳೆ ಚಡ್ಡಿ. ಹಾಳೆ ಅಲ್ಲೇ ಬಿಟ್ಟ್, ನಡ್ಕಂಡ್ ಇಳ್ದೆ."

"ಮತ್ತೆ ಊರಿಗ್ ಬರ್ತಿದ್ರಲೆ ಭಾವ, ನಡುವಲ್ಲಿ?"

"ಬತ್ತಿದ್ದೆ. ಹೋಟ್ಲಂಗ್ ರಜೆ ಕೊಡುದ್ ಮಳೆಗಾಲದಾಗೆ, ಗಿರಾಕಿ ಕಮ್ಮಿ ಇಪ್ಪ ಹೊತ್ತಿಗೆ. ಮಳೆಗಾಲದಾಗೆ ಗುಡ್ಡಿ ಪೂರಾ ಹಸಿ. ಹಸಿ ಹುಲ್ಲಂಗ್ ಹಾಳೆ ಜಾರತ್ತಾ? ನಲ್ವತ್ತಾರ್ ವರ್ಷ ಒಂದ್ ಚಳಿಗಾಲವೂ ಸಿಕ್ಲಿಲ್ಲೆ." ಎದ್ದು ನಿಂತು, ಹೆರೆದಿಟ್ಟ ಹಾಳೆಯನ್ನು ಮಡಚಿ ಒಲೆಯ ಪಕ್ಕ ಸೌದೆಯ ಮೇಲೆ ಹಾಕಿದರು. "ಆಯ್ತ್, ಇನ್ ಸಾಕ್. ಹೋಯಿ ಅವ್ನಿಗ್ ಊಟ ಕೊಡ್."

ಮನೆಗೆ ಬಂದೆ. ಸಿಟ್ಟು ಹೋಗಿತ್ತು ಅಂತ ತಿಳಿಯಬೇಡಿ, ಹಾಗೇ ಇತ್ತು. ಯಾರ ಮೇಲೆ ಅಂತ ಮಾತ್ರ ತಿಳಿಯದೆ ಹೋಯಿತು. ಹನ್ನೆರಡು ವರ್ಷದವನನ್ನು ಬಸ್ಸು ಹತ್ತಿಸಿದ, ನಾನು ಕಂಡೇ ಇರದ ಮಾವನ ಮೇಲೋ? ಅಣ್ಣ ಕಳಿಸಿದ ದುಡ್ಡಿನಲ್ಲಿ ಓದಿ ಬೆಳೆದು, ಈ ಕತೆಯನ್ನು ಒಮ್ಮೆಯೂ ಕೇಳಿ ತಿಳಿದುಕೊಳ್ಳದ ನನ್ನ ಗಂಡನ ಮೇಲೋ? ಅನ್ನ ಕಲಸುತ್ತ ಕಲಸುತ್ತ ಅವರಿಗೇ ನಾಲ್ಕು ಮಾತು ಬೈದೆ. ಅವರು ಕೈ ನೋಯುತ್ತದೆ ಅಂದರು.

ಮುಂದಿನ ಭಾನುವಾರ ಬಾಗಿಲು ಯಾರೂ ಬಡಿಯಲಿಲ್ಲ. ನಾನು ಐದಕ್ಕೇ ಎಚ್ಚರವಾಗಿ, ಕಿವಿ ಬಾಗಿಲ ಕಡೆಗೇ ಇಟ್ಟುಕೊಂಡು ಮಲಗಿದ್ದೆ. ಐದೂವರೆ ಆಯಿತು. ಆರಾಯಿತು. ಒಬ್ಬ ಮನುಷ್ಯ ಇಷ್ಟು ಬೇಗ ಮಾತು ಕೇಳಬಹುದೇ? ಮತ್ತೆ ಸಿಟ್ಟು ಬಂತು! ಎದ್ದು, ತೋಟದಿಂದ ಎರಡು ಹಾಳೆ ಎಳೆದು ತಂದು ಅವರ ಅಂಗಳದಲ್ಲಿ ನಿಂತೆ.

"ಹ್ವಾಯ್ ಭಾವ! ಏಳ್ಲಿಲ್ಯಾ? ಹೋಪ ಬನ್ನಿ. ಚಾ ನೀವ್ ಮಾಡ್ಕಣಿ!"

ಅವರು ಬಂದರು. ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಫ್ಲಾಸ್ಕು ಹಿಡಿದು. ನೆತ್ತಿಯಲ್ಲಿ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಘಟ್ಟದ ಕಡೆಯಿಂದ ಬಿಸಿಲು ಆಗಷ್ಟೇ ಇಣುಕುತ್ತಿತ್ತು. ಕೆಳಗೆ ಗಿರಿಜಕ್ಕ ಪೊರಕೆ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನೋಡಲಿ! ನಾನು ಚೂಡಿದಾರದ ಶಾಲು ಸೊಂಟಕ್ಕೆ ಬಿಗಿದು ಹಾಳೆಯ ಮೇಲೆ ಕೂತೆ.

ಭಾವ ಗಾಬರಿಯಾದರು. "ಕಾಲ್ ಕೆಳಗಿಡ್ಬ್ಯಾಡ ಮಾರಾಯ್ತಿ. ಎಂತ ಆದ್ರೂ ಕಾಲ್ ಕೆಳಗಿಡ್ಬ್ಯಾಡ."

ಕಾಲು ಎತ್ತಿದೆ. ಆಮೇಲಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಹುಲ್ಲು ಸರಸರ ಅಂದದ್ದು, ಭಾವನನ್ನೂ ಅವರ ತಮ್ಮನನ್ನೂ ಈ ಊರಿಗೆ ನನ್ನನ್ನು ಕೊಟ್ಟವರನ್ನೂ ದಾರಿಯುದ್ದಕ್ಕೂ ಜೋರಾಗಿ ಬೈದದ್ದು ಅಷ್ಟೇ ಗೊತ್ತು. ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರಿತ್ತು, ಗಾಳಿಗೆ.

ತಿರುಗಿ ನೋಡಿದೆ. ಭಾವ ಇನ್ನೊಂದು ಹಾಳೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕಾಲುದಾರಿ ಹಿಡಿದು ಮೆಲ್ಲಗೆ ಇಳಿಯಲು ಹೊರಟಿದ್ದರು. ಅಷ್ಟು ದೂರದಿಂದ ಅವರು ಬಹಳ ಸಣ್ಣಗೆ ಕಾಣುತ್ತಿದ್ದರು.

ಎರಡೂ ಕೈ ಬಾಯಿಗೆ ಹಿಡಿದು, ನನ್ನ ಶಾಲೆಯ ಗಂಟಲಿನಲ್ಲಿ ಇಡೀ ಕೆರಾಡಿಗೆ ಕೇಳುವ ಹಾಗೆ ಕೂಗಿದೆ:

"ನಡ್ಕಂಡ್ ಬಪ್ದಲ್ಲ ಭಾವ! ಯಾವ ಬಸ್ಸಿಗೂ ಹೊತ್ತಾಯ್ಲಿಲ್ಲೆ. ಜಾರ್ಕಂಡ್ ಬನ್ನಿ!"