ಮೂರನೇ ಸಾಲಿಗೇ ಎದ್ದುಹೋದವರು

ಕಂತಣ್ಣನ ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆದರೆ ಫೋನಿನಲ್ಲಿ ಅವರಿನ್ನೂ ಗಟ್ಟಿಮುಟ್ಟಾಗಿ ಸೊಸೆಯ ಜೊತೆ ಜಗಳವಾಡಿಕೊಂಡಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವನದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಬಿಡುವಿನಲ್ಲಿ ಒಂದು ಕತೆಯ ಆ್ಯಪಿಗೆ ವಾರಕ್ಕೊಂದು ಕಂತಿನಂತೆ ಧಾರಾವಾಹಿ ಬರೆಯುತ್ತಿದ್ದ. ಅಡ್ಡಹೆಸರು ಬಂದದ್ದು ಹಾಗೆ. ಆ ಧಾರಾವಾಹಿಯ ಅತ್ತೆ ಸಾಕ್ಷಾತ್ ಅವನ ತಾಯಿಯೇ. ಅದೇ ಮಾತು, ಅದೇ ಕೆಮ್ಮು, ಅದೇ ಗದರಿಕೆ. ದೇವರು ಕರೆಸಿಕೊಂಡವರನ್ನು ಇನ್ನೂ ಫೋನಿನಲ್ಲಿ ಕುಣಿಸುವುದು ಪಾಪವೆಂದು ಅವನಿಗೆ ಅನಿಸುತ್ತಿತ್ತು. ಆ್ಯಪಿನವರಿಗೆ ಅಂಥ ಅಂಜಿಕೆ ಇರಲಿಲ್ಲ. ಕೊನೆಗೆ ಅವನು ಧೈರ್ಯ ಮಾಡಿ, ತಾಯಿಯ ಸಾವನ್ನು ಕಂಡದ್ದು ಕಂಡ ಹಾಗೆ ಬರೆದು ಬೆಳಿಗ್ಗೆ ಕಳಿಸಿದ. ಸಂಜೆಗೆ ಅದು ಪ್ರಕಟವಾಗಬೇಕು. ಒಂದಕ್ಷರ ಬದಲಾಗಬಾರದು ಎಂಬುದೊಂದೇ ಅವನ ಆಸೆ.

ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಆ್ಯಪಿನ ಸಂಪಾದಕಿಯ ಫೋನು ಬಂತು.

"ಸಾರ್, ನಿಮ್ಮ ಕಂತನ್ನ ಸ್ವಲ್ಪ ಜನಕ್ಕೆ ಮೊದಲೇ ಓದೋಕೆ ಕೊಟ್ಟಿದ್ವಿ. ಮೂರನೇ ಸಾಲಿಗೇ ಎದ್ದುಹೋಗಿದಾರೆ. ಗೆರೆ ದಬಕ್ಕಂತ ಬಿದ್ದಿದೆ."

ಓದುವವರು ಯಾವ ಸಾಲಿನಲ್ಲಿ ಕೈಬಿಟ್ಟರೆಂದು ತೋರಿಸುವ ಗೆರೆಯೊಂದು ಅವರ ಬಳಿ ಇರುತ್ತದೆ. ಹಿಂದೆ ಕತೆ ಬರೆಯುವವರು ಮನಸ್ಸಾಕ್ಷಿಗೆ ಹೆದರುತ್ತಿದ್ದರು. ಈಗಿನವರು ಆ ಗೆರೆಗೆ ಹೆದರುತ್ತಾರೆ.

"ಮೂರನೇ ಸಾಲಲ್ಲಿ ಏನಿದೆ ಮೇಡಂ?"

"ಅತ್ತೆ ನೀರು ಕೇಳ್ತಾರೆ."

"ಸಾಯೋರು ನೀರು ಕೇಳಲ್ವಾ?"

"ಕೇಳ್ಲಿ ಸಾರ್. ಆದ್ರೆ ಬರೀ ನೀರು ಯಾಕೆ? ಅದರಲ್ಲಿ ಏನಾದ್ರೂ ಬೆರೆತಿರಬಹುದಲ್ವಾ? ಮಧ್ಯಾಹ್ನದೊಳಗೆ ಸ್ವಲ್ಪ ಯೋಚಿಸಿ."

ಫೋನಿಟ್ಟು ತಿರುಗಿದರೆ ಕೌಂಟರಿನ ಹೆಂಗಸು ಕಿವಿ ನಿಮಿರಿಸಿ ನಿಂತಿದ್ದಳು. ಬೇರೆಯವರ ಫೋನು ಕೇಳುವುದೂ ತನ್ನ ಸಂಬಳದ ಕೆಲಸವೆಂದು ತಿಳಿದವಳು ಅವಳು.

"ಸೊಸೆ ಬೆರೆಸಿದ್ದು ಅಂತ ಬರೀರಿ ಕಂತಣ್ಣ. ನಾನು ಮೊದಲಿಂದ ನೋಡ್ತಾ ಇದೀನಿ, ಅವಳ ನಗುವೇ ಸರಿಯಿಲ್ಲ."

"ಅಮ್ಮಾ, ಅದು ನನ್ನ ಹೆಂಡತಿಯ ನಗು!"

"ಅದಕ್ಕೇ ನಿಮಗೆ ಗೊತ್ತಾಗಿಲ್ಲ."

ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ತಲೆಹಾಕಿದರು. "ಸಾಯೋ ಮುಂಚೆ ಅತ್ತೆಗೊಂದು ಹೊಸ ಕನ್ನಡಕ ಹಾಕಿಸಯ್ಯ. ಹಾಕ್ಕೊಂಡು, 'ಆಹಾ, ಈಗ ಎಲ್ಲ ಸ್ಪಷ್ಟವಾಗಿ ಕಾಣ್ತಿದೆ' ಅಂದು ಪ್ರಾಣ ಬಿಡ್ಲಿ. ಅಂಗಡಿ ಹೆಸರು ನೀನು ಬರೀಲೇಬೇಕು ಅಂತೇನಿಲ್ಲ. ಬರೆದ್ರೆ ಒಳ್ಳೇದು."

ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಕನ್ನಡಕದ ತಿರುಪು ಬಿಗಿ ಮಾಡಿಸಲು ಬಂದವರು, ನಗುನಗುತ್ತಾ ಸಾಯಲಿ, ಹಲ್ಲೆಲ್ಲ ಕಾಣುವಂತಿರಲಿ ಎಂದು ಹೇಳಿಹೋದರು.

ಇದೆಲ್ಲ ಸಾಲದೆಂಬಂತೆ, ಪರೀಕ್ಷೆಯ ಕಬ್ಬಿಣದ ಚೌಕಟ್ಟನ್ನು ಮೂಗಿಗೇರಿಸಿಕೊಂಡು ಕೂತಿದ್ದ ಗಿರಾಕಿಯೊಬ್ಬ ಗೋಡೆಯ ಅಕ್ಷರ ಬಿಟ್ಟು ಮೇಜಿನ ಮೇಲೆ ತೆರೆದಿದ್ದ ಫೋನನ್ನೇ ಓದತೊಡಗಿದ್ದ. ಕಂತಣ್ಣ ಮಸೂರ ಬದಲಿಸಿ ಕೇಳಿದ: "ಈಗ ಹೇಗೆ ಕಾಣ್ತಿದೆ?"

"ಚೆನ್ನಾಗಿ ಕಾಣ್ತಿದೆ. ಆದ್ರೆ ಈ ಮುದುಕಿ ಯಾಕ್ರೀ ಇಷ್ಟು ನಿಧಾನಕ್ಕೆ ಸಾಯ್ತಾಳೆ?"

ಕಂತಣ್ಣ ಆ ಸಿಟ್ಟಿನಲ್ಲಿ ಬಲಗಣ್ಣಿನ ನಂಬರನ್ನು ಎಡಗಣ್ಣಿಗೆ ಬರೆದ. ಅದೇ ನಂಬರಿನ ಕನ್ನಡಕ ಹಾಕಿಕೊಂಡು ಹೊರಟ ಗಿರಾಕಿ ಬಾಗಿಲ ಬಳಿಯ ಆಳೆತ್ತರದ ಬೊಂಬೆಗೆ "ಬರ್ತೀನಿ ಮಾಲೀಕ್ರೇ" ಎಂದು ಕೈಮುಗಿದ. ಅದನ್ನು ಕಂಡ ನಿಜವಾದ ಮಾಲೀಕರು ಕೆಂಡದಂತಾದರು.

ಮಧ್ಯಾಹ್ನ ಸಂಪಾದಕಿಯ ಫೋನು ಮತ್ತೆ ಬಂತು. ಬೈಗುಳ ತಿಂದು ಹಣ್ಣಾಗಿದ್ದ ಕಂತಣ್ಣ, "ಏನಾದ್ರೂ ಬೆರೆಸ್ಕೊಳ್ಳಿ ಹೋಗಿ" ಎಂದುಬಿಟ್ಟ. ಅವರೇನು, ಕಾದು ಕೂತವರು. ಬೆರೆಸಿದರು. ಬೆರೆಸಿದ್ದನ್ನು ಮತ್ತೆ ಕೆಲವರಿಗೆ ಓದಲು ಕೊಟ್ಟರು. ಗೆರೆ ಗಾಳಿಪಟದಂತೆ ಮೇಲೇರಿತು. ಹಿಂದೆಯೇ ಹೆಂಡತಿಯ ಫೋನು ಬಂತು.

"ನಾನು ಅತ್ತೆಗೆ ವಿಷ ಹಾಕಿದ್ನಾ?"

"ಅಯ್ಯೋ, ಅದು ಕತೆ ಕಣೇ."

"ಪಕ್ಕದ ಮನೆಯವಳಿಗೂ ಅದನ್ನ ಮೊದಲೇ ಓದೋಕೆ ಕೊಟ್ಟಿದ್ರಂತೆ. ಓದ್ಕೊಂಡೇ ನಮ್ಮನೆಗೆ ಬಂದಿದ್ಳು. ಕುಡಿಯೋಕೆ ನೀರು ಕೊಟ್ರೆ ಮೂಸಿ ನೋಡಿದ್ಳು ರೀ, ಮೂಸಿ! ಅತ್ತೆ ಮಲಗಿದಲ್ಲೇ ಇದ್ದಾಗ ಮೈ ಒರೆಸಿದೋಳು ನಾನು. ನಿಮ್ಮ ಆ್ಯಪಿನೋರಲ್ಲ!"

ಕಂತಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾಯಿಯ ಸಾವನ್ನು ಹೀಗೆ ಬೀದಿಯವರ ಬಾಯಿಗೆ ಹಾಕಿದೆನಲ್ಲ ಎಂದು ಕಣ್ಣು ತುಂಬಿತು. ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ವಿಷದ ಕಂತನ್ನು ಅಳಿಸಿ ತನ್ನದನ್ನೇ ಮತ್ತೆ ಏರಿಸಿದ. ಹೊರಗೆ ಮಾಲೀಕರು ಬಾಗಿಲು ಬಡಿಯುತ್ತಿದ್ದರು. ಬಡಿಯಲಿ ಎಂದುಕೊಂಡು ಗುಂಡಿ ಒತ್ತಿಯೇಬಿಟ್ಟ. ಕಂತು ಪ್ರಕಟವಾಯಿತು.

ಸಂಜೆ ಮನೆಗೆ ನಡೆಯುತ್ತಿದ್ದಾಗ ಸಂಪಾದಕಿ ಫೋನು ಮಾಡಿದಳು. ಬೈಯುತ್ತಾಳೆಂದು ಕಿವಿಯಿಂದ ದೂರವೇ ಹಿಡಿದ.

"ಸಾರ್! ಎಂಥಾ ಸಾವು ಸಾರ್! ಎಲ್ಲರೂ ಕೊನೇ ತನಕ ಓದಿದಾರೆ. ಅಳ್ತಾ ಇದಾರೆ. ಮೂರನೇ ಸಾಲಲ್ಲಿ ಯಾರೂ ಎದ್ದಿಲ್ಲ!"

ಬೆಳಿಗ್ಗೆ ಎದ್ದುಹೋದವರು ಯಾರು, ಸಂಜೆ ಅತ್ತವರು ಯಾರು ಎಂದು ಕೇಳಲಾಗಲಿಲ್ಲ. ಅಷ್ಟರಲ್ಲೇ ಅವಳು ಮುಂದುವರಿದಿದ್ದಳು. "ಕಂತಿನ ಕೆಳಗೆ ಎರಡು ಗುಂಡಿ ಇಟ್ಟಿದ್ವಿ. 'ಅತ್ತೆ ಹೋಗಲಿ', 'ಅತ್ತೆ ವಾಪಸ್ ಬರಲಿ'. ವಾಪಸ್ ಬರ್ಲಿ ಅಂತ ಮುಗಿಬಿದ್ದು ಒತ್ತಿದಾರೆ. ಮುಂದಿನ ವಾರ ಎಬ್ಬಿಸಿಬಿಡಿ. ಅದರ ಮುಂದಿನ ವಾರ ಮತ್ತೆ ಸಾಯಿಸೋಣ, ಇಷ್ಟೇ ಚೆನ್ನಾಗಿ."

"ನಮ್ಮಮ್ಮ ಸತ್ತಿದ್ದು ಒಂದೇ ಸಲ ಮೇಡಂ. ಎರಡನೇ ಸಲ ನಾನು ಸಾಯ್ಸಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಹೀಗೆಂದು ಫೋನು ಕತ್ತರಿಸಿದಾಗ ಅವನ ಎದೆ ಒಂದು ಅಂಗುಲ ಉಬ್ಬಿತ್ತು. ಬದುಕಿನಲ್ಲಿ ಇಷ್ಟು ಗಟ್ಟಿಯಾಗಿ ಅವನು ಯಾರಿಗೂ ಇಲ್ಲ ಎಂದಿರಲಿಲ್ಲ.

ಮನೆಯಲ್ಲಿ ತಂದೆ ಕಿಟಕಿಯ ಬಳಿ ಸೊಸೆಯ ಫೋನು ಹಿಡಿದು ಕೂತಿದ್ದರು. ಅಕ್ಷರಗಳನ್ನು ಹುಣಸೆಬೀಜದಷ್ಟು ದೊಡ್ಡದು ಮಾಡಿಕೊಂಡಿದ್ದರು.

"ಓದ್ದೆ ಕಣೋ. ಎಲ್ಲ ಹಾಗೇ ಇದೆ. ಅವಳು ನೀರು ಕೇಳಿದ್ದು, ನಿನ್ನ ಹೆಂಡತಿ ಚಮಚದಲ್ಲಿ ಕೊಟ್ಟಿದ್ದು." ದನಿ ತಗ್ಗಿಸಿ ಹೇಳಿದರು: "ಕೆಳಗೆ ಎರಡು ಗುಂಡಿ ಇತ್ತು. ವಾಪಸ್ ಬರ್ಲಿ ಅನ್ನೋದನ್ನ ಒತ್ತಿದೆ."

"ಅಪ್ಪಾ, ನೀವೂನಾ?"

"ಒತ್ತಿದ್ದು ಅದಕ್ಕೆ ಮುಟ್ಟಿತೋ ಇಲ್ವೋ ಅಂತ ಇನ್ನೊಂದೆರಡು ಸಲ ಒತ್ತಿದೆ."

ಕಂತಣ್ಣ ಫೋನಿಗೆ ಕೈಚಾಚಿದರೆ ಅವರು ಬಿಡಲಿಲ್ಲ.

"ಅವಳನ್ನ ಉಳಿಸ್ಕೋ ಅನ್ನಲ್ಲ. ದೇವರು ಕರೆದ ಮೇಲೆ ಹೋಗ್ಲೇಬೇಕು. ಆದ್ರೆ ಆ ಹೊತ್ತಿಗೆ ನಾನು ಔಷಧಿ ಅಂಗಡಿ ಮುಂದೆ ನಿಂತಿದ್ನಲ್ಲೋ. ಈ ಸಲ ನಾನು ಅವಳ ಪಕ್ಕದಲ್ಲೇ ಕೂತಿದ್ದೆ ಅಂತ ಬರೆದುಬಿಡು."

ಕಂತಣ್ಣ ಅಂಗಳಕ್ಕೆ ಬಂದು, ಉಬ್ಬಿದ್ದ ಎದೆಯನ್ನು ಇಳಿಸಿಕೊಂಡು, ತಾನೇ ಸಂಪಾದಕಿಗೆ ಫೋನು ಮಾಡಿದ.

"ಬರೀತೀನಿ ಮೇಡಂ. ನೀವು ಹೇಳಿದ ಹಾಗೇ ಎಬ್ಬಿಸ್ತೀನಿ, ಸಾಯಿಸ್ತೀನಿ. ಒಂದೇ ಮಾತು: ಸಾಯುವಾಗ ಗಂಡ ಪಕ್ಕದಲ್ಲಿ ಕೂತಿರ್ತಾರೆ."

"ಒಂದ್ನಿಮಿಷ ಸಾರ್, ಗೆರೆ ನೋಡ್ತೀನಿ." ಆ ಕಡೆ ಏನೋ ಟಕಟಕ ಒತ್ತಿದ ಸದ್ದಾಯಿತು. "ಅಯ್ಯೋ, ಅದೊಂದು ಬೇಡ ಸಾರ್. ಹಳೇ ಕಂತುಗಳಲ್ಲಿ ಮುದುಕರು ಬಂದು ಕೂತ ಕಡೆಯೆಲ್ಲ ಜನ ಎದ್ದುಹೋಗಿದಾರೆ. ಅವರನ್ನ ಆ ಹೊತ್ತಿಗೆ ಎಲ್ಲಾದ್ರೂ ಕಳಿಸಿಬಿಡಿ... ಔಷಧಿ ಗಿಷಧಿ ತರೋಕೆ."