ಅತ್ತೆಯ ಕಬ್ಬಿಣದ ರಾಕ್ಷಸರು

ಆಕಾಶದಿಂದ ಇಳಿದ ಯಂತ್ರಮಾನವರು ನಾಳೆ ಭೂಮಿಯ ಮೇಲೆ ದಾಳಿ ಮಾಡಿದರೆ ಶಹಾಪುರದವರು ಹೆದರಬೇಕಾಗಿಲ್ಲ. ನಮ್ಮ ಸೋದರತ್ತೆ ಇದ್ದಾಳೆ. ಅವುಗಳ ಜೀವ ಎದೆಯಲ್ಲಿರುತ್ತದೋ ಬೆನ್ನಿನಲ್ಲಿರುತ್ತದೋ, ಯಾವ ಬಣ್ಣದ್ದು ನಂಬಿಕಸ್ತ, ಯಾವುದು ಮೋಸಗಾರ ಎಂಬುದೆಲ್ಲ ಆಕೆಗೆ ಬಾಯಿಪಾಠ.

ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ. ಓಣಿಯ ಹೆಂಗಸರು ಧಾರಾವಾಹಿ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೊತ್ತಿನಲ್ಲಿ ಈಕೆ ಕಬ್ಬಿಣದ ರಾಕ್ಷಸನೊಬ್ಬ ಸೇತುವೆ ಮುರಿಯುವುದನ್ನು ನೋಡುತ್ತ ಶೇಂಗಾ ಸುಲಿಯುತ್ತಿರುತ್ತಾಳೆ. ಸಿಕ್ಕ ಸಿನಿಮಾ ಎಲ್ಲ ನಡೆಯುವುದಿಲ್ಲ. ಅದು ಮೊದಲು ಕಾರ್ಟೂನೋ ವಿಡಿಯೋ ಗೇಮೋ ಆಗಿರಬೇಕು. ಕಾರ್ಟೂನನ್ನು ಮನೆಯಲ್ಲಿ ನೋಡಿ, ಗೇಮನ್ನು ಮೊಬೈಲಿನಲ್ಲಿ ಆಡಿ, ಪಕ್ಕದಲ್ಲಿ ಕೂತ ಮಾವನಿಗೂ ಆಡಿಸಿ, ಪರೀಕ್ಷೆಗೆ ಹೊರಟವರಂತೆ ಇಬ್ಬರೂ ಯಾದಗಿರಿಯ ಬಸ್ಸು ಹತ್ತುತ್ತಾರೆ.

ಮಾವ ಬೇಳೆ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಕಿವಿ ಸ್ವಲ್ಪ ಮಂದ ಎಂದು ನಮಗೆ ಗೊತ್ತಿತ್ತು. ಏನು ಕೇಳಿದರೂ ನಕ್ಕು ತಲೆಯಾಡಿಸುತ್ತಿದ್ದುದರಿಂದ ಎಷ್ಟು ಮಂದ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಒಮ್ಮೆ ಸಿನಿಮಾ ಮುಗಿದ ಮೇಲೆ ಅತ್ತೆ ಟಾಕೀಸಿನ ಮ್ಯಾನೇಜರನನ್ನು ಬಾಗಿಲಲ್ಲೇ ಹಿಡಿದಳು.

“ಯಪ್ಪಾ, ಗೇಮಿನಾಗ ಹೀರೋಂದು ಟೊಪಗಿ ಕೆಂಪದ. ಇಲ್ಲಿ ಕರೀದು ಯಾಕ ಹಾಕ್ಯಾರ?”

“ಅಮ್ಮಾರ, ಸಿನಿಮಾ ನಾ ತಗದಿಲ್ರಿ.”

“ತಗದವರಿಗೆ ಫೋನ್ ಹಚ್ಚು. ನಾ ಮಾತಾಡ್ತೀನಿ.”

ಅತ್ತೆಯ ಮಗಳನ್ನು ನೋಡಲು ಸುರಪುರದಿಂದ ವರ ಬಂದಾಗ ಹಿರಿಯರು ನೌಕರಿ, ಹೊಲ, ಮನೆ ಎಲ್ಲ ವಿಚಾರಿಸಿದರು. ಅತ್ತೆ ಚಹಾದ ಕಪ್ಪು ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ.

“ಊರ ಮ್ಯಾಲ ಮಷೀನಿನ ಮಂದಿ ಏರಿ ಬಂದ್ರ ಏನ್ ಮಾಡ್ತಿ?”

ವರನ ತಂದೆಗೆ ಕೆಮ್ಮು ಬಂತು. ಹುಡುಗ ಮಾತ್ರ ಗಂಭೀರವಾಗಿ ಯೋಚಿಸಿದ.

“ಮೊದಲ ನಿಮ್ಮ ಮಗಳನ್ನ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಓಡಿ ಬರ್ತೀನ್ರಿ.”

“ಎಲ್ಲಿಗಿ?”

“ನಿಮ್ಮ ಮನಿಗೇರಿ. ಬಡಿದಾಡಾಕ ನೀವು ಅದೀರಲ್ಲ.”

ಆ ಮದುವೆ ಆಯಿತು. ಅಳಿಯನೆಂದರೆ ಅತ್ತೆಗೆ ಈಗಲೂ ಒಂದು ತೂಕ ಹೆಚ್ಚು.

ಇಂಥವಳ ಅಭಿರುಚಿಯನ್ನು ತಿದ್ದಬೇಕೆಂದು ನನಗೆ ಯಾಕೆ ಅನ್ನಿಸಿತೋ! ಹೋದ ವರ್ಷ, ಎಲ್ಲರೂ ಹೊಗಳುತ್ತಿದ್ದ ಒಂದು ಸಂಸಾರದ ಸಿನಿಮಾಕ್ಕೆ ಅವರಿಬ್ಬರನ್ನೂ ಒತ್ತಾಯದಿಂದ ಕರೆದೊಯ್ದೆ. ತೆರೆಯ ಮೇಲೆ ತಾಯಿ ಮಗನ ಕೈ ಹಿಡಿದು ಕೊನೆಯ ಮಾತು ಆಡುತ್ತಿದ್ದಳು. ಮಾವ ತೆರೆ ನೋಡುತ್ತಿರಲಿಲ್ಲ, ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ಮುಂದಿನ ಸಾಲಿನ ಹೆಂಗಸೊಬ್ಬಳು ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕತೊಡಗಿದಳು. ಅವಳ ಹೆಗಲು ಅಲುಗುವುದನ್ನು ಕಂಡು, ನಗುತ್ತಿದ್ದಾಳೆಂದು ತಿಳಿದ ಮಾವ ತಾವೂ ಜೋರಾಗಿ ನಕ್ಕುಬಿಟ್ಟರು.

ಇಡೀ ಟಾಕೀಸು ತಿರುಗಿ ನೋಡಿತು. ಮಾವ ತಲೆ ತಗ್ಗಿಸಿದರು. ಅತ್ತೆ ಅವರ ಕೈ ಹಿಡಿದು ಎಬ್ಬಿಸಿ ಹೊರಗೆ ನಡೆದಳು.

ಚಹಾದಂಗಡಿಯ ಬೆಂಚಿನ ಮೇಲೆ ಮಾವನನ್ನು ಕೂರಿಸಿ, ಹಿಂದೆಯೇ ಹೊರಬಂದ ನನ್ನ ಹತ್ತಿರ ಬಂದು ಹೇಳಿದಳು:

“ಮಿಲ್ ಬಿಡೂ ಹೊತ್ತಿಗೇ ಇವರ ಕಿವಿ ಪೂರಾ ಹೋಗಿದ್ವು, ತಮ್ಮಾ. ಕಿವಿ ಮಷೀನ್ ಹಾಕ್ಕೊಂಡ್ರ ತಲಿ ಗುಂಯ್ ಅಂತದಂತ. ಮಾತಿನ ಸಿನಿಮಾ ಇವರಿಗೆ ಹೆಂಗ ತಿಳೀಬೇಕು? ಕಾರ್ಟೂನಿನ ಕತಿ ಆದ್ರ ಮೊದಲ ಮನ್ಯಾಗ ನೋಡಿರ್ತೀವಿ. ಯಾರು ಛಲೋ, ಯಾರು ಕೆಟ್ಟ ಅಂತ ಗೊತ್ತಿರ್ತದ. ಬಡಿದಾಟಕ್ಕ ಕಿವಿ ಯಾಕ ಬೇಕು?”

“ನಿನಗ ಸೇರ್ತಾವೇನು, ಅತ್ತಿ, ಅವು?”

“ಮೊದಲ ತಲಿನೋವು ಬರ್ತಿತ್ತು,” ಎಂದಳು. “ಈಗ ರೂಢಿ ಆಗ್ಯಾದ.”

ಮುಂದೆ ಯಾದಗಿರಿಗೆ ಯಂತ್ರಮಾನವರ ಸಿನಿಮಾ ಬಂದಾಗ ನಾನೇ ಅವರ ಜೊತೆ ಹೋದೆ. ಮಾವ ನಮ್ಮಿಬ್ಬರ ನಡುವೆ ಕೂತರು. ದೈತ್ಯನೊಬ್ಬ ಬಿದ್ದು ನೆಲ ನಡುಗಿದಾಗ ಅಂಗೈಯನ್ನು ಕುರ್ಚಿಗೆ ಒತ್ತಿ ಎಲ್ಲರೊಡನೆ ಸರಿಯಾದ ಹೊತ್ತಿಗೆ ನಕ್ಕರು. ಆಮೇಲೆ ನನ್ನ ಕಡೆ ಬಾಗಿ ಕಥೆ ವಿವರಿಸತೊಡಗಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಅದು ಕೊನೆಯ ಸಾಲಿನವರೆಗೂ ಮುಟ್ಟುತ್ತಿತ್ತು.

“ಏ ಕಾಕಾ, ಸುಮ್ಮ ಕುಂದರ್ರಿ,” ಎಂದು ಹಿಂದಿನಿಂದ ಯಾರೋ ಗದರಿದರು.

ಅತ್ತೆ ತಿರುಗಿದಳು. ಈಗ ಜಗಳ ಶುರುವಾಯಿತೆಂದು ನಾನು ಮೈ ಬಿಗಿ ಹಿಡಿದೆ. ಆದರೆ ಆಕೆಯ ದನಿ ಬಹಳ ಮೆತ್ತಗಿತ್ತು.

“ಮಾತಾಡ್ಲಿ ಬಿಡ್ರೆಪ್ಪಾ,” ಎಂದಳು. “ನಾ ಕೇಳಾಕತ್ತೇನಿ.”