ಹನ್ನೊಂದು ದಿನ ಮೂಕವಾಗಿದ್ದ ಬಲಗಡೆಯ ಪೆಟ್ಟಿಗೆಯ ಕುರಿತು

ಮಂಡ್ಯ, ೧೪-೯-೧೯೭೮

ಬೆಂಗಳೂರಿನ ನಾದಸಾಗರ ಎಂಟರ್‌ಪ್ರೈಸಸ್ಸಿನ ಘನ ವ್ಯವಸ್ಥಾಪಕರಿಗೆ,

ಕರ್ನಾಟಕದ ಕಿವಿಗಳನ್ನು ಉದ್ಧರಿಸಲು ಪಣತೊಟ್ಟಿರುವ ಮಾನ್ಯರೇ,

ಮಂಡ್ಯದ ರೈಲು ಹಳಿಯ ಪಕ್ಕದ ಬೀದಿಯಲ್ಲಿ ವಾಸವಾಗಿರುವ ಗೋದಾ ಎಂಬ ಗೃಹಿಣಿಯ ಅನಂತ ವಂದನೆಗಳು. ತಮ್ಮ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ನಮ್ಮ ಯಜಮಾನರಾದ ಶ್ರೀ ಸಂಪತ್ ಕುಮಾರ್ ಅವರ ಹೆಸರಿದೆ. ಅದರ ಮುಂದೆ ಎರಡು ಸಾವಿರ ರೂಪಾಯಿ ಮುಂಗಡವೂ ಇದೆ. ಆ ಮುಂಗಡವನ್ನು ಹಿಂದಿರುಗಿಸಲಾಗದೆಂದು ತಾವು ಅಚ್ಚುಕಟ್ಟಾಗಿ ಟೈಪು ಮಾಡಿಸಿ ಕಳುಹಿಸಿದ ಪತ್ರ ಮೊನ್ನೆ ತಲುಪಿತು. ಅದಕ್ಕೆ ಕೃತಜ್ಞತೆ ಸಲ್ಲಿಸದೆ ಸುಮ್ಮನಿರುವುದು ಸೌಜನ್ಯವಲ್ಲವೆನ್ನಿಸಿ ಇದನ್ನು ಬರೆಯುತ್ತಿದ್ದೇನೆ. ತಮ್ಮ ಗ್ರಾಹಕರೆಲ್ಲರೂ ಓದಿ ಸಂತೋಷಪಡಲೆಂದು ಒಂದು ಪ್ರತಿಯನ್ನು ಪತ್ರಿಕೆಗೂ ಕಳುಹಿಸುತ್ತಿದ್ದೇನೆ.

ನಮ್ಮ ಯಜಮಾನರು ಮದ್ದೂರಿನ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಮೇಲ್ವಿಚಾರಕರು. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವ ಅವರಿಗೆ ಕಾಫಿಯ ಚಟ ಬಿಟ್ಟರೆ ಇರುವುದು ಸಂಗೀತದ ಹುಚ್ಚೊಂದೇ. ನಾನು ಅಡುಗೆಮನೆಯಲ್ಲಿ ಏನಾದರೂ ಗುನುಗುತ್ತಿದ್ದರೆ ಜಗಲಿಯಿಂದಲೇ "ಗಾಂಧಾರ ಇಳೀತು ಕಣೇ" ಎಂದು ತಿದ್ದುವುದು ಮದುವೆಯಾದಂದಿನಿಂದ ನಡೆದು ಬಂದ ಪದ್ಧತಿ. ಎರಡು ವರ್ಷಗಳಿಂದ ಅವರು ತಿದ್ದುವುದನ್ನು ನಿಲ್ಲಿಸಿದ್ದರು. ಕೊನೆಗೂ ನನ್ನ ಗಾಂಧಾರ ನೆಟ್ಟಗಾಯಿತೆಂದು ನಾನು ಒಳಗೊಳಗೇ ಬೀಗಿದ್ದೆ. ಮಾತನಾಡಿಸಿದರೆ ಉತ್ತರ ಕೊಡದೆ ಕೂತಿರುವುದನ್ನು ಮಾತ್ರ ಗಂಡಸರ ಗತ್ತೆಂದು ತಿಳಿದು, ಪಕ್ಕದ ಮನೆಯ ಪಂಕಜಮ್ಮನವರ ಮುಂದೆ ಹೇಳಿಕೊಂಡು ಗೊಣಗಿದ್ದೆ.

ಅದೇ ದಿನಗಳಲ್ಲಿ ಅವರು ನಮ್ಮ ಹಳೆಯ ರೆಕಾರ್ಡ್ ಪ್ಲೇಯರಿನ ಮೇಲೆ ಮುನಿಸಿಕೊಂಡಿದ್ದರು. ಮುಳ್ಳು ಬದಲಾಯಿಸಿದರು, ತಟ್ಟೆಯ ರಬ್ಬರು ಪಟ್ಟಿ ಬದಲಾಯಿಸಿದರು, ಹೊಸ ರೆಕಾರ್ಡುಗಳನ್ನು ತಂದರು. ಆದರೂ ಪಿಟೀಲು ಮಂಕು, ಹಾಡು ದೂರ. ಕೊನೆಗೆ ತಮ್ಮ ಅಂಗಡಿಗೆ ಕಾಗದ ಬರೆದರು. ತಾವು ಕೃಪೆಯಿಟ್ಟು ಒಬ್ಬ ನಾದತಜ್ಞರನ್ನೇ ಮಂಡ್ಯಕ್ಕೆ ಕಳುಹಿಸಿದಿರಿ.

ಯಜಮಾನರು ಆ ಮಹನೀಯರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಿ ಸ್ವಾಮಿ, ಇದು ಮೊದಲಿನ ಹಾಗೆ ಕೇಳಿಸ್ತಾ ಇಲ್ಲ. ದೋಷ ಎಲ್ಲಿದೆ ಹುಡುಕಿ ಹೇಳಿ. ರಿಪೇರಿ ಆಗೋದಾದ್ರೆ ರಿಪೇರಿ, ಇಲ್ಲದಿದ್ರೆ ಹೊಸದು."

ನಾದತಜ್ಞರು ಹಳೆಯ ಪ್ಲೇಯರಿನಲ್ಲಿ ಒಂದು ರೆಕಾರ್ಡನ್ನು ಪೂರ್ತಿ ಕೇಳಿದರು. ಅವರು ಬಂದ ಐದು ನಿಮಿಷದೊಳಗೆ, ಯಾರೂ ಹೇಳದೆಯೇ ತಮ್ಮ ದನಿಯನ್ನು ಎತ್ತರಿಸಿಕೊಂಡು ಯಜಮಾನರ ಎಡಗಡೆಗೆ ಕುರ್ಚಿ ಎಳೆದುಕೊಂಡದ್ದನ್ನು ನಾನು ಕಾಫಿ ಕೊಡುವಾಗ ನೋಡಿದ್ದೆ. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆದಿತ್ತು. ಹೊಳೆದದ್ದನ್ನು ನುಂಗಿಕೊಂಡು ಅವರು ಕೂಗಿ ಹೇಳಿದ್ದು ಇಷ್ಟು: "ಸಾರ್, ನಿಮ್ಮದು ಸಾಮಾನ್ಯರ ಕಿವಿಯಲ್ಲ. ಇಂಥ ಕಿವಿಗೆ ಈ ಮೆಶೀನು ಸಾಲದು."

ಹೀಗೆ ನಮ್ಮ ಮನೆಗೆ ಜರ್ಮನಿಯ ಟರ್ನ್‌ಟೇಬಲ್ ಬಂತು. ತಟ್ಟೆ ತಿರುಗಿಸುವ ಆ ಯಂತ್ರದ ಬೆಲೆ ಮೂರು ಸ್ಕೂಟರುಗಳಷ್ಟು. ಮಹಡಿ ಕಟ್ಟಿಸಲೆಂದು ಇಟ್ಟಿದ್ದ ಹಣ ಅದಕ್ಕೆ ಸರಿಹೋಗುತ್ತಿತ್ತು. ಎರಡು ಸಾವಿರ ಮುಂಗಡ ಪಡೆದು, ಹದಿನೈದು ದಿನ ಕೇಳಿ ನೋಡಿ, ಕೊಳ್ಳಬೇಕೋ ಬೇಡವೋ ತೀರ್ಮಾನಿಸಿ ಎಂದ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಾದತಜ್ಞರು ತಾವೇ ಬಂದು ಯಂತ್ರವನ್ನು ಜೋಡಿಸಿ, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಪೆಟ್ಟಿಗೆಯಿಟ್ಟು, "ಕಣ್ಣು ಮುಚ್ಚಿಕೊಳ್ಳಿ ಸಾರ್, ಎಡಗಡೆ ಪಿಟೀಲು, ಬಲಗಡೆ ಮೃದಂಗ, ಮಧ್ಯದಲ್ಲಿ ಹಾಡೋರು, ಹೇಗೆ ಕೂತಿದ್ದಾರೆ ನೋಡಿ" ಎಂದರು. ಯಜಮಾನರು ಕಣ್ಣು ಮುಚ್ಚಿ, "ಹೌದು, ಹೌದು" ಎಂದರು. ಮೃದಂಗ ಎಲ್ಲೋ ಗೋಡೆಯಾಚೆ ಬಡಿದಂತೆ ಕೇಳುತ್ತಿದೆಯಲ್ಲ ಎಂದು ನನಗೆ ಅನ್ನಿಸಿದ್ದು ನಿಜ. ಆದರೆ ಮೂರು ಸ್ಕೂಟರುಗಳ ಎದುರು ಬಾಯಿ ತೆರೆಯುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ದಿನಗಳಲ್ಲಿ ನಾವು ತಮ್ಮ ಯಂತ್ರದ ಆಶ್ರಯದಲ್ಲಿ ಬದುಕಿದೆವು. ಅದರ ಕೆಳಗೆ ಅಲುಗಾಡದ ಚಪ್ಪಡಿ ಬೇಕೆಂದು ಮಳವಳ್ಳಿಯಿಂದ ಕಲ್ಲು ಬಂತು. ಒಗ್ಗರಣೆಯ ಹೊಗೆ ರೆಕಾರ್ಡಿಗೆ ಆಗದೆಂದು ಸಾರಿಗೆ ಒಗ್ಗರಣೆ ನಿಂತಿತು. ಒರಳಿನ ನಡುಕ ಮುಳ್ಳಿಗೆ ಆಗದೆಂದು ನಾನು ಇಡ್ಲಿಹಿಟ್ಟನ್ನು ಪಂಕಜಮ್ಮನವರ ಮನೆಯಲ್ಲಿ ರುಬ್ಬಿಕೊಂಡು ಬರುತ್ತಿದ್ದೆ. ಮೈಸೂರಿನ ರೈಲು ಹಾದುಹೋದಾಗಲೆಲ್ಲ ಮುಳ್ಳು ಪಲ್ಲವಿಯಿಂದ ನೇರ ಚರಣಕ್ಕೆ ಹಾರುತ್ತಿತ್ತು. ಈ ವಿಷಯ ಬರೆದಾಗ ತಾವು ಗಾಡಿಗಳಿಲ್ಲದ ಹೊತ್ತಿನಲ್ಲಿ ಕೇಳಬಹುದೆಂದು ಸಲಹೆ ಕೊಟ್ಟಿರಿ. ಆ ಹೊತ್ತಿನಲ್ಲಿ ನಮ್ಮ ಬೀದಿಗೆ ಕರೆಂಟನ್ನೂ ಕೊಡಿಸಿದ್ದರೆ ತಮ್ಮ ಉಪಕಾರ ಪೂರ್ಣವಾಗುತ್ತಿತ್ತು. ಯಜಮಾನರು ಮಾತ್ರ ದಿನವೂ ಕಣ್ಣು ಮುಚ್ಚಿ ಕೂತು, ಕೊಳ್ಳುವುದೇ ಸರಿಯೆನ್ನುವ ಕಡೆಗೆ ವಾಲುತ್ತಿದ್ದರು. ಒಮ್ಮೊಮ್ಮೆ, "ಇದಕ್ಕೂ ಸ್ವಲ್ಪ ಮಂಕು ಇದೆ ಅನ್ಸುತ್ತೆ, ಗೋದಾ. ಪಳಗಬೇಕೇನೋ" ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಭಾನುವಾರ. ಯಲಿಯೂರಿನಿಂದ ನಮಗೆ ಹಾಲು ತರುವ ಅಂಕಯ್ಯ, ಊರೆಲ್ಲ ಮಾತಾಡುವ ಯಂತ್ರವನ್ನು ತಾನೂ ಒಮ್ಮೆ ನೋಡಬೇಕೆಂದು ಒಳಗೆ ಬಂದ. ರೆಕಾರ್ಡು ತಿರುಗುತ್ತಿತ್ತು, ಯಜಮಾನರು ಕಣ್ಣು ಮುಚ್ಚಿದ್ದರು. ಅಂಕಯ್ಯ ದನದ ಮೈ ಮುಟ್ಟಿ ನೋಡುವಂತೆ ಎಡಗಡೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಆಮೇಲೆ ಬಲಗಡೆಯದರ ಮೇಲೆ ಇಟ್ಟ. ಮತ್ತೆ ಎಡಕ್ಕೆ ಹೋಗಿ ಬಂದ.

"ಅವ್ವಾರೆ, ಆ ಪೆಟ್ಗೆ ಗುಂಯ್ ಅಂತ ನಡುಗ್ತಾ ಅದೆ. ಇದು ಸುಮ್ಕೆ ಕುಂತದೆ. ಇದ್ಕೆ ಕರೆಂಟು ಬತ್ತಾ ಇಲ್ವಾ?"

ನಾನು ಹಿಂದೆ ಬಗ್ಗಿ ನೋಡಿದೆ. ಬಲಗಡೆಯ ಪೆಟ್ಟಿಗೆಯ ತಂತಿಯನ್ನು ಸಿಕ್ಕಿಸಿಯೇ ಇರಲಿಲ್ಲ. ಅದರ ತುದಿಗೆ ತಮ್ಮ ಅಂಗಡಿಯ ಹೆಸರಿನ ಕಾಗದ ಇನ್ನೂ ಸುತ್ತಿತ್ತು. ಕಾಗದ ಬಿಚ್ಚಿ ತಂತಿಯನ್ನು ಸಿಕ್ಕಿಸಿದೆ. ಮೃದಂಗ ಮನೆಯೊಳಗೆ ಎದ್ದು ನಿಂತಂತೆ ಬಂತು, ಅಂಕಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಯಜಮಾನರ ಮುಖದಲ್ಲಿ ಏನೂ ಬದಲಾಗಲಿಲ್ಲ. ತಂತಿ ಕಿತ್ತೆ, ಮತ್ತೆ ಸಿಕ್ಕಿಸಿದೆ. ಅಂಕಯ್ಯ ಅವರನ್ನು ನೋಡಿದ, ನನ್ನನ್ನು ನೋಡಿದ. "ಬತ್ತೀನಿ ಕಣವ್ವ" ಎಂದು ಮೆಲ್ಲಗೆ ಹೇಳಿ ಹೊರಗೆ ಹೋದ.

ಯಜಮಾನರು ಕಣ್ಣು ತೆರೆದು, "ಯಾಕೆ, ಏನಾಯ್ತು?" ಎಂದರು.

"ಮೃದಂಗ ಈಗ ಬಂತು" ಎಂದೆ.

"ಮೊದಲಿಂದ ಇತ್ತಲ್ಲ."

"ಇರಲಿಲ್ಲ."

ಅವರು ಎದ್ದು ಬಂದು ಆ ಪೆಟ್ಟಿಗೆಗೆ ಬಲಗಿವಿ ಹಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ತಿರುಗಿ ಎಡಗಿವಿ ಹಚ್ಚಿದರು. ಬಂದು ಕುರ್ಚಿಯಲ್ಲಿ ಕೂತು, "ಗಿರಣಿಯಲ್ಲಿ ಇಂಜಿನ್ನು ನನ್ನ ಬಲಗಡೆಗೆ ಇರೋದು" ಎಂದರು.

ಮೈಸೂರಿನ ಕಿವಿಯ ಡಾಕ್ಟರು ಬಲಗಿವಿ ಹೋಗಿದೆ, ಎಡಗಿವಿಯಲ್ಲಿ ಅರ್ಧ ಉಳಿದಿದೆ ಎಂದರು. ಎರಡು ವರ್ಷದ ಹಿಂದೆಯೇ ಇಂಜಿನ್ನಿನಿಂದ ದೂರ ಕೂತಿದ್ದರೆ ಇನ್ನಷ್ಟು ಉಳಿಯುತ್ತಿತ್ತೆಂದೂ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು, "ಎರಡು ವರ್ಷದಿಂದ ನೀನು ಹಾಡಿದ್ದು ಸರಿ ಇತ್ತೋ ಇಲ್ವೋ, ನಂಗೆ ಗೊತ್ತೇ ಇಲ್ಲ ಕಣೇ" ಎಂದರು. ನಾನು ಎದ್ದು ಅವರ ಎಡಗಡೆಗೆ ಬಂದು ಕೂತೆ. ಗೊಣಗಿದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೆ. ಬಸ್ಸಿನಲ್ಲಿ ಅಷ್ಟು ಜೋರಾಗಿ ಕ್ಷಮೆ ಕೇಳುವುದು ಹೇಗೆಂದು ತಿಳಿಯಲಿಲ್ಲ.

ಯಂತ್ರವನ್ನು ಅವರೇ ಹುಲ್ಲು ಹಾಸಿ ಕಟ್ಟಿ, ಹದಿನೈದನೆಯ ದಿನ ರೈಲಿನಲ್ಲಿ ತಮಗೆ ಕಳುಹಿಸಿದರು. ಅದರ ಮೇಲೆ ಅವರಿಗೆ ಸಿಟ್ಟಿಲ್ಲ. "ಮೆಶೀನು ಒಳ್ಳೇದೇ. ಕೇಳೋರಿಗೆ ಹೋಗಲಿ" ಎಂದರು. ಗಿರಣಿಯಲ್ಲಿ ಮೇಜನ್ನು ಹಿಂದಿನ ಕೋಣೆಗೆ ಹಾಕಿಸಿಕೊಂಡಿದ್ದಾರೆ. ಸಂಜೆ ಹಳೆಯ ಪ್ಲೇಯರಿನ ಮುಂದೆ ಎಡಗಿವಿಯಿಟ್ಟು ಕೂರುತ್ತಾರೆ. "ಈಗ ಪಿಟೀಲು ಏನು ಮಾಡ್ತು?" ಎಂದು ಕೇಳುತ್ತಾರೆ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ.

ಇನ್ನು ತಮ್ಮ ಪತ್ರದ ವಿಷಯ. ಮುಂಗಡ ಕೊಡಲಾಗದು, ಆದರೆ ಅದನ್ನು ಇನ್ನೂ ದೊಡ್ಡ ಶಬ್ದದ, ಇನ್ನೂ ಹೆಚ್ಚಿನ ಬೆಲೆಯ ಯಂತ್ರಕ್ಕೆ ಹೊಂದಿಸಿಕೊಳ್ಳಬಹುದೆಂದು ಬರೆದಿದ್ದೀರಿ. ತಮ್ಮ ಕರುಣೆಗೆ ತಲೆಬಾಗಿದ್ದೇನೆ. ಅಂಥದೊಂದನ್ನು ಕಳುಹಿಸುವುದಾದರೆ, ಎರಡು ವರ್ಷದಲ್ಲಿ ಅವರಿಗೆ ಕೇಳಿಸದೆ ಹೋದ ನನ್ನ ಮಾತುಗಳನ್ನೆಲ್ಲ, ಗೊಣಗಾಟದ ಭಾಗ ಬಿಟ್ಟು, ಮೊದಲಿನಿಂದ ನುಡಿಸುವ ಯಂತ್ರವನ್ನೇ ಕಳುಹಿಸಿ. ಜೋಡಿಸಲು ಅದೇ ನಾದತಜ್ಞರು ಬರಲಿ. ಎರಡು ಪೆಟ್ಟಿಗೆಗಳಲ್ಲಿ ಒಂದು ಮೂಕವಾಗಿದ್ದರೂ ಎರಡರಲ್ಲೂ ಸಂಗೀತ ಕೇಳಿಸಿಕೊಂಡ ಅವರಂಥ ಕಿವಿ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಅಷ್ಟು ಸಾಧ್ಯವಾಗದಿದ್ದರೆ ಮುಂಗಡವನ್ನು ಮನಿಯಾರ್ಡರ್ ಮಾಡಿದರೂ ನಡೆಯುತ್ತದೆ.

ತಂತಿಗಳನ್ನು ಖುದ್ದಾಗಿ ಪರೀಕ್ಷಿಸುವ ಅಭ್ಯಾಸ ಮಾಡಿಕೊಂಡಿರುವ ತಮ್ಮ ವಿಶ್ವಾಸಿ,
ಗೋದಾ

ಮರೆತಿದ್ದ ಮಾತು: ತಮ್ಮ ನಾದತಜ್ಞರು ಮಳವಳ್ಳಿಯ ನಿವೃತ್ತ ಶಿರಸ್ತೇದಾರರಾದ ಲಿಂಗಯ್ಯನವರಿಗೂ ಸಾಮಾನ್ಯರದ್ದಲ್ಲದ ಕಿವಿಯನ್ನು ದಯಪಾಲಿಸಿ, ಬೇಕಾದರೆ ಮಂಡ್ಯದವರನ್ನು ವಿಚಾರಿಸಿ ಎಂದು ನಮ್ಮ ವಿಳಾಸ ಕೊಟ್ಟಿದ್ದರಂತೆ. ಅವರ ಮನೆಯವರಾದ ಮರಿತಾಯಮ್ಮನವರು ನನಗೆ ಕಾಗದ ಬರೆದು, ಅಷ್ಟು ಬೆಲೆಗೆ ಆ ಯಂತ್ರ ತಕ್ಕುದೇ ಎಂದು ಕೇಳಿದ್ದರು. ಕೊಳ್ಳುವ ಮೊದಲು ಯಜಮಾನರ ಬೆನ್ನ ಹಿಂದೆ ನಿಂತು, ಮೆಲ್ಲಗೆ, ಕಾಫಿ ಬೇಕೇ ಎಂದು ಕೇಳಿ ನೋಡಿ, ಉತ್ತರ ಬಂದರೆ ಧಾರಾಳವಾಗಿ ಕೊಳ್ಳಿ ಎಂದು ಬರೆದಿದ್ದೆ. ನಿನ್ನೆ ಅವರಿಂದ ಕಾರ್ಡು ಬಂತು. ತಮ್ಮ ನಾದತಜ್ಞರು ಮಳವಳ್ಳಿಯವರೆಗೆ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಶಿರಸ್ತೇದಾರರು ನಾಳೆ ಮೈಸೂರಿನ ಡಾಕ್ಟರ ಬಳಿಗೆ ಹೊರಟಿದ್ದಾರೆ.